ಆ್ಯಪ್ ಹ್ಯಾಂಗ್ ಆದಾಗ ಮೊದಲು ನೋಡಬೇಕಾದ್ದು

ಕಾಫಿ ಕೊಯ್ಲು ಶುರುವಾದರೆ ನನಗೆ ಒಂದೇ ಥರದ ಫೋನ್‌ಗಳು ಬರುತ್ತವೆ. ‘ಸರ್, ಆ್ಯಪ್ ಹ್ಯಾಂಗ್ ಆಗ್ತಿದೆ.’ ಕೊಡಗಿನ ಸಿದ್ದಾಪುರ, ಪಾಲಿಬೆಟ್ಟದ ಕಡೆ ತೋಟದ ಲೆಕ್ಕ ಬರೆಯುವ ರೈಟರ್ ಸಂಜೆ ಹಣ್ಣು ತೂಗಿಸಿ, ಯಾರು ಎಷ್ಟು ಕೆ.ಜಿ. ಕೊಯ್ದರು ಅಂತ ಮೊಬೈಲಿನಲ್ಲಿ ಬರೆದುಕೊಳ್ಳುತ್ತಾರೆ. ‘ಸೇವ್’ ಒತ್ತಿದರೆ ಪರದೆ ಅಲ್ಲಾಡುವುದಿಲ್ಲ. ಅದು ದಿನವಿಡೀ ದುಡಿದವರ ಕೂಲಿಯ ಲೆಕ್ಕ. ಹಾಗಾಗಿ ‘ಅಲ್ಲಿ ನೆಟ್‌ವರ್ಕ್ ಸರಿ ಇಲ್ಲ’ ಅಂತ ಹೇಳಿ ಫೋನ್ ಇಡುವುದು ನನಗೆ ಸರಿ ಕಾಣುವುದಿಲ್ಲ.

ಆಂಡ್ರಾಯ್ಡ್‌ನಲ್ಲಿ ಪರದೆಯ ಮೇಲೆ ಕಾಣುವುದನ್ನು ಬಿಡಿಸುವುದು, ಬೆರಳಿನ ಒತ್ತಿಗೆ ಉತ್ತರ ಕೊಡುವುದು ಎರಡೂ ಮುಖ್ಯ ಥ್ರೆಡ್‌ನ ಕೆಲಸ. ಥ್ರೆಡ್ ಅಂದರೆ ಆ್ಯಪ್‌ನೊಳಗೆ ಕೆಲಸಗಳನ್ನು ಒಂದಾದ ಮೇಲೊಂದು ಮಾಡುವ ಒಬ್ಬ ಆಳು ಇದ್ದ ಹಾಗೆ. ಅದು ಬೇರೆಲ್ಲೋ ಕಾಯುತ್ತಾ ನಿಂತರೆ, ತೂಕ ಹಾಕುವವನೇ ಲಾರಿ ಬಂತಾ ಅಂತ ನೋಡಲು ರಸ್ತೆಗೆ ಹೋದ ಹಾಗೆ. ಒತ್ತಿದ್ದಕ್ಕೆ 5 ಸೆಕೆಂಡ್ ಉತ್ತರ ಬರದಿದ್ದರೆ ‘ಆ್ಯಪ್ ಪ್ರತಿಕ್ರಿಯಿಸುತ್ತಿಲ್ಲ’ ಎಂಬ ಪೆಟ್ಟಿಗೆ ಬರುತ್ತದೆ. ಆದ್ದರಿಂದ ನಾನು ಮೊದಲು ಕೇಳುವುದು ಒಂದೇ: ಮುಖ್ಯ ಥ್ರೆಡ್ ಯಾರಿಗಾಗಿ ಕಾಯುತ್ತಿತ್ತು?

‘ನಾವು ನೆಟ್‌ವರ್ಕ್ ಕೆಲಸವನ್ನು ಮುಖ್ಯ ಥ್ರೆಡ್‌ನಲ್ಲಿ ಮಾಡೋದೇ ಇಲ್ಲ’ ಅಂತ ಕೋಡ್ ಬರೆಯುವ ಹುಡುಗರು ಹೇಳುತ್ತಾರೆ. ನಿಜ. ಆಂಡ್ರಾಯ್ಡ್ 3.0ರಿಂದ ಹಾಗೆ ಮಾಡಿದರೆ ಸಿಸ್ಟಮ್ಮೇ ಎಕ್ಸೆಪ್ಶನ್ ಎಸೆಯುತ್ತದೆ, ಅಂದರೆ ತಪ್ಪು ಅಂತ ಹೇಳಿ ಆ ಕೆಲಸ ತಡೆಯುತ್ತದೆ. ಆದರೆ ಹಿನ್ನೆಲೆಯ ಥ್ರೆಡ್ ಒಂದು ಲಾಕ್ (ಒಂದು ಸಲಕ್ಕೆ ಒಂದೇ ಥ್ರೆಡ್ ಹಿಡಿಯಬಹುದಾದ ಬೀಗ) ಹಿಡಿದುಕೊಂಡೇ ಸರ್ವರ್‌ಗೆ ಕಾಯುತ್ತಿರಬಹುದು. ಅದೇ ಲಾಕ್ ಮುಖ್ಯ ಥ್ರೆಡ್‌ಗೂ ಬೇಕಾದರೆ ಎರಡೂ ನಿಂತವು.

ಇದು ಬೆಂಗಳೂರಿನ ಆಫೀಸ್ ವೈಫೈನಲ್ಲಿ ಕಾಣುವುದೇ ಕಷ್ಟ. ಸಿಗ್ನಲ್ ಒಂಚೂರೂ ಇಲ್ಲದಿದ್ದರೂ ತೊಂದರೆ ಕಡಿಮೆ, ಕೋರಿಕೆ ಬೇಗ ಸೋತು ವಾಪಸ್ ಬರುತ್ತದೆ. ನಮ್ಮ ತೋಟಗಳಲ್ಲಿ ಇರುವುದು ನಡುವಿನ ಸ್ಥಿತಿ: ಒಂದು ಕಡ್ಡಿ ಕಾಣುತ್ತದೆ, ಡೇಟಾ ತೊಟ್ಟಿಕ್ಕುತ್ತದೆ. ತುಂಬಾ ಜನ ಬಳಸುವ ಓಕೆಎಚ್‌ಟಿಟಿಪಿ ಲೈಬ್ರರಿಯಲ್ಲಿ (ಸರ್ವರ್ ಜೊತೆ ಮಾತಾಡಲು ಬೇರೆಯವರು ಬರೆದಿಟ್ಟ ಸಿದ್ಧ ಕೋಡ್) ಸರ್ವರ್‌ನಿಂದ ಡೇಟಾ ಓದುವ ಗಡುವು ತಾನಾಗಿಯೇ 10 ಸೆಕೆಂಡ್ ಇರುತ್ತದೆ. ಅದೇ 5ಕ್ಕಿಂತ ಜಾಸ್ತಿ, ಅಲ್ವಾ? ಸಾಲದ್ದಕ್ಕೆ ಆ ಗಡುವು ಒಂದೊಂದು ಓದಿಗೂ ಹೊಸದಾಗಿ ಶುರುವಾಗುತ್ತದೆ. ಆಗಾಗ ನಾಲ್ಕು ಬೈಟ್ ಬರುತ್ತಿದ್ದರೆ ಗಡುವು ಮುಗಿಯುವುದೇ ಇಲ್ಲ. ಇಡೀ ಕರೆಗೆ ಮಿತಿ ಬೇಕಾದರೆ ನಾವೇ ಹಾಕಬೇಕು. ಲಾಕ್ ಹಿಡಿದು ನೆಟ್‌ವರ್ಕ್ ಮುಟ್ಟಲೇಬಾರದು.

ಊಹೆ ಬೇಡ, ಸಾಕ್ಷಿ ಬೇಕು. ಸೆಟ್ಟಿಂಗ್ಸ್‌ನಲ್ಲಿ ಬಿಲ್ಡ್ ನಂಬರನ್ನು 7 ಸಲ ಒತ್ತಿದರೆ ಡೆವಲಪರ್ ಆಯ್ಕೆಗಳು ತೆರೆಯುತ್ತವೆ, ಅಲ್ಲಿ ಬಗ್ ರಿಪೋರ್ಟ್, ಅಂದರೆ ಫೋನಿನಲ್ಲಿ ಏನೇನು ನಡೆಯಿತು ಎಂಬ ದಾಖಲೆಗಳ (ಲಾಗ್‌ಗಳ) ಜಿಪ್ ಕಡತ, ತೆಗೆಯಬಹುದು. ರೈಟರ್‌ಗೆ ನಾನು ಹೇಳುವುದು ಇಷ್ಟೇ: ಹ್ಯಾಂಗ್ ಆದ ಸಮಯ ಬರೆದಿಡಿ, ಕೂಡಲೇ ರಿಪೋರ್ಟ್ ತೆಗೆಯಿರಿ. ತಡವಾದರೆ ಹೊಸ ಲಾಗ್ ಬಂದು ಹಳೆಯದು ಅಳಿಸಿಹೋಗುತ್ತದೆ. ಆ ಜಿಪ್‌ನೊಳಗಿನ ಟ್ರೇಸ್‌ನಲ್ಲಿ (ಆಗ ಯಾವ ಥ್ರೆಡ್ ಎಲ್ಲಿ ನಿಂತಿತ್ತು ಎಂಬ ಪಟ್ಟಿ) ‘ಮೇನ್’, ಅಂದರೆ ಮುಖ್ಯ ಥ್ರೆಡ್ ಹುಡುಕಿ. ‘ಬ್ಲಾಕ್ಡ್’ ಅಂತಿದ್ದರೆ, ಲಾಕ್ ಯಾವ ಥ್ರೆಡ್ ಕೈಯಲ್ಲಿದೆ ಅಂತ ಅದರ ನಂಬರ್ ಅಲ್ಲೇ ಇರುತ್ತದೆ. ಆ ಥ್ರೆಡ್‌ನ ಸಾಲುಗಳನ್ನು ಓದಿದರೆ ಅರ್ಧ ಕೆಲಸ ಮುಗಿದಂತೆ.

ಕೆಲವೊಮ್ಮೆ ತಪ್ಪು ನಿಜಕ್ಕೂ ಪ್ಲಾಟ್‌ಫಾರ್ಮ್‌ನದೇ, ಅಂದರೆ ಆಂಡ್ರಾಯ್ಡ್‌ನದು ಅಥವಾ ಫೋನಿನದು. ಹಾಗಂತ ಹೇಳುವ ಮೊದಲು ನಮ್ಮ ಕೋಡ್ ಎಲ್ಲ ಕಿತ್ತು, ಆ ತೊಂದರೆಯನ್ನಷ್ಟೇ ತೋರಿಸುವ ಪುಟ್ಟ ಆ್ಯಪ್ ಬರೆಯಬೇಕು. ಬರೆಯುವಾಗಲೇ ಎಷ್ಟೋ ಸಲ ನಮ್ಮ ತಪ್ಪು ಸಿಕ್ಕಿಬಿಡುತ್ತದೆ. ಸಿಗದಿದ್ದರೆ ಎಮ್ಯುಲೇಟರ್‌ನಲ್ಲಿ (ಕಂಪ್ಯೂಟರಿನಲ್ಲಿ ಓಡುವ ನಕಲಿ ಫೋನ್), ಬೇರೆ ಕಂಪನಿಯ ಫೋನ್‌ನಲ್ಲಿ ಓಡಿಸಿ ನೋಡಿ. ಎಮ್ಯುಲೇಟರ್‌ನಲ್ಲೂ ಅದೇ ಆದರೆ ಗೂಗಲ್ ದೂರು ತೆಗೆದುಕೊಳ್ಳುವ ಇಶ್ಯೂ ಟ್ರ್ಯಾಕರ್‌ಗೆ ಬರೆಯಿರಿ. ಒಂದೇ ಕಂಪನಿಯ ಫೋನ್‌ನಲ್ಲಿ ಮಾತ್ರ ಆದರೆ ಆ ಕಂಪನಿಗೆ. ಪುಟ್ಟ ಆ್ಯಪ್, ಆಂಡ್ರಾಯ್ಡ್ ಆವೃತ್ತಿ, ಬಿಲ್ಡ್ ನಂಬರ್, ಏನು ಒತ್ತಿದಿರಿ, ಏನಾಗಬೇಕಿತ್ತು, ಏನಾಯಿತು, ಇವಿಷ್ಟು ಇರಲಿ. ಪೂರ್ತಿ ಬಗ್ ರಿಪೋರ್ಟನ್ನು ಎಲ್ಲರಿಗೂ ಕಾಣುವ ಕಡೆ ಹಾಕಬೇಡಿ. ಅದರಲ್ಲಿ ಫೋನಿನ ಒಡೆಯರ ಖಾಸಗಿ ವಿವರಗಳಿರಬಹುದು.

ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ಕೊಯ್ಲು ಅಷ್ಟು ದಿನ ಕಾಯುವುದಿಲ್ಲ. ನಮ್ಮ ಕಡೆಯಿಂದ ತಾತ್ಕಾಲಿಕ ದಾರಿ ಮಾಡಿಕೊಡಬೇಕು. ಆ ಕೋಡ್‌ನ ಮೇಲೆ ದೂರಿನ ನಂಬರ್ ಬರೆದಿಡಿ. ಮುಂದೆ ಬಗ್ ಸರಿಹೋದಾಗ, ಆ ಸಾಲುಗಳನ್ನು ತೆಗೆಯಬಹುದು ಅಂತ ಆಗ ಕೂತು ನೋಡುವವರಿಗೆ ಗೊತ್ತಾಗುತ್ತದೆ.