ಜ್ವರ ಇಲ್ಲ ಅಂತ ಇಂಜೆಕ್ಷನ್ ನಿಲ್ಲಿಸಬೇಡಿ

ಕಿಡ್ನಿ ಕಸಿ ಬೆಂಗಳೂರಲ್ಲೋ ಮಣಿಪಾಲದಲ್ಲೋ ಆಗಿರುತ್ತದೆ. ದಾನಿಯ ಸೋಂಕು ಕಿಡ್ನಿ ಜೊತೆ ದಾಟಿರಬಹುದು ಅಂತ ಅನುಮಾನ ಇದ್ದವರಿಗೆ ಊರಿಗೆ ಬಂದ ಮೇಲೆ ಹಾಕುವ ಆ್ಯಂಟಿಬಯೋಟಿಕ್ ಇಂಜೆಕ್ಷನ್, ರಕ್ತ ಪರೀಕ್ಷೆ ಎಲ್ಲ ಶಿವಮೊಗ್ಗದಲ್ಲಿ ನಮ್ಮ ಪಾಲಿಗೆ. ಆಗ ತಪ್ಪದೆ ಬರುವ ಪ್ರಶ್ನೆ ಒಂದೇ: "ಜ್ವರಾನೇ ಇಲ್ಲ, ಇಂಜೆಕ್ಷನ್ ಎಂತಕ್ಕೆ ಡಾಕ್ಟ್ರೇ?"

ಅವರನ್ನು ಬೈದು ಪ್ರಯೋಜನವಿಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗನ ಕಾಯಿಲೆ ಗೊತ್ತಾದಾಗಿನಿಂದ ನಮ್ಮ ಕಡೆಯವರು ಜ್ವರಕ್ಕೆ ಹೆದರುತ್ತಲೇ ಬಂದಿದ್ದಾರೆ. ಮೈ ಬಿಸಿಯಾದರೆ ಆಸ್ಪತ್ರೆ, ತಣ್ಣಗಿದ್ದರೆ ತೋಟ. ಕಸಿ ಆದವರಿಗೆ ಈ ಲೆಕ್ಕ ನಡೆಯುವುದಿಲ್ಲ.

ಮೆದುಳು ನಿಷ್ಕ್ರಿಯವಾದ ದಾನಿ ಸಾಮಾನ್ಯವಾಗಿ ಕೆಲವು ದಿನ ಐಸಿಯುನಲ್ಲಿ, ವೆಂಟಿಲೇಟರ್ ಮೇಲೆ ಇದ್ದವರು. ಕ್ಲೆಬ್ಸಿಯೆಲ್ಲಾ, ಅಸಿನೆಟೊಬ್ಯಾಕ್ಟರ್‌ನಂಥ ಬ್ಯಾಕ್ಟೀರಿಯಾ ಅಲ್ಲಿ ಅಂಟಿಕೊಳ್ಳಬಹುದು. ಅವುಗಳಲ್ಲಿ ಎಷ್ಟೋ ಮಾಮೂಲಿ ಆ್ಯಂಟಿಬಯೋಟಿಕ್‌ಗೆ ಬಗ್ಗುವುದಿಲ್ಲ. ದಾನಿಯ ರಕ್ತ, ಮೂತ್ರ ಕಲ್ಚರ್‌ಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಯುತ್ತದಾ ಅಂತ ನೋಡುವ ಪರೀಕ್ಷೆಗೆ, ಹೋಗುತ್ತದೆ. ವರದಿಗೆ ಎರಡು ಮೂರು ದಿನ ಬೇಕು. ಐಸ್‌ನಲ್ಲಿಟ್ಟ ಕಿಡ್ನಿಯನ್ನು ಅಷ್ಟು ಹೊತ್ತು ಕಾಯಿಸಲು ಆಗಲ್ಲ. ಹಾಗಾಗಿ ಕೆಲವೊಮ್ಮೆ ಆಪರೇಷನ್ ಮೊದಲು, ವರದಿ ಆಮೇಲೆ. "ಕೆಟ್ಟ ಕಿಡ್ನಿ ಹಾಕಿದ್ರು" ಅಂತ ಜಗಳ ತೆಗೆಯುವವರಿದ್ದಾರೆ. ಹಾಗಲ್ಲ ಮಾರಾಯ್ರೆ. ದಾನಿಗೆ ಸೋಂಕಿದೆ ಅಂತ ಗೊತ್ತಿದ್ದೂ, ಸರಿಯಾದ ಔಷಧಿ ಬಿದ್ದು ಹತೋಟಿಗೆ ಬಂದಿದ್ದರೆ ಆ ಕಿಡ್ನಿ ತಗೊಳ್ಳುವುದುಂಟು. ಅನಿರೀಕ್ಷಿತವಾಗಿ ಸೋಂಕು ದಾಟುವುದು ನೂರರಲ್ಲಿ ಒಬ್ಬರಿಗೂ ಇಲ್ಲ.

ದಾಟಿದರೆ ಮಾತ್ರ ಕಷ್ಟ. ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್, ಪ್ರೆಡ್ನಿಸೊಲೋನ್ ಕೊಡುವುದು ಮೈ ಹೊಸ ಕಿಡ್ನಿಯ ಮೇಲೆ ತಿರುಗಿ ಬೀಳದಿರಲಿ ಅಂತ. ಸೋಂಕು ತಗುಲಿದಾಗ ಮೈಯನ್ನು ಬಿಸಿ ಮಾಡುವುದು ನಮ್ಮದೇ ರೋಗನಿರೋಧಕ ಶಕ್ತಿ. ಈ ಮಾತ್ರೆಗಳು ಅದನ್ನೇ ತಗ್ಗಿಸಿರುತ್ತವೆ. ತೋಟ ಕಾಯುವ ನಾಯಿಗೆ ಮತ್ತು ಬರಿಸಿ, ರಾತ್ರಿಯಿಡೀ ಬೊಗಳಲಿಲ್ಲ, ಕಳ್ಳ ಬಂದಿಲ್ಲ ಅಂದರೆ ಹೇಗೆ? ಇನ್ನೊಮ್ಮೆ ಹೇಳುತ್ತೇನೆ. ಜ್ವರ ಬಂದರೆ ಅವತ್ತೇ ಬನ್ನಿ. ಬಾರದಿದ್ದರೆ ಅದರಿಂದ ಏನೂ ತೀರ್ಮಾನ ಮಾಡಬೇಡಿ. ಬಿಳಿ ರಕ್ತಕಣದ ಲೆಕ್ಕವನ್ನೂ ಪೂರ್ತಿ ನಂಬುವಂತಿಲ್ಲ, ಪ್ರೆಡ್ನಿಸೊಲೋನ್ ಅದನ್ನು ಏರಿಸುತ್ತದೆ, ಮೈಕೋಫೆನೊಲೇಟ್ ಇಳಿಸುತ್ತದೆ.

ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರು ಕೊನೆ ಕೊಯ್ಲಿನ ಹೊತ್ತಿಗೆ ಇಂಜೆಕ್ಷನ್ ಅರ್ಧಕ್ಕೆ ಬಿಟ್ಟರು. ಅವರ ಹೆಂಡತಿ ತುಂಬಾ ಅಚ್ಚುಕಟ್ಟು. ಆಳುಗಳ ಸಂಬಳ ಬರೆಯುವ ಉದ್ದನೆ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಬೆಳಿಗ್ಗೆ ಸಂಜೆ ಜ್ವರ ನೋಡಿ ಬರೆದಿಟ್ಟಿದ್ದರು. 98.2, 98.4, 98. ಒಂದು ಗೆರೆಯೂ ತಪ್ಪಿಲ್ಲ. ಯಜಮಾನರಿಗೆ ಆಪರೇಷನ್ ಆದ ಕಡೆ ಸಣ್ಣಗೆ ನೋವು, ಮೂತ್ರ ಕಮ್ಮಿ. ಸ್ಕ್ಯಾನ್ ಮಾಡಿಸಿದರೆ ಕಿಡ್ನಿಯ ರಕ್ತನಾಳ ಹೊಲಿದ ಜಾಗ ಸೋಂಕಿನಿಂದ ಉಬ್ಬಿ ನಿಂತಿತ್ತು. ಅದು ಒಡೆದರೆ ಜೀವಕ್ಕೇ ಅಪಾಯ. ಆ ರಾತ್ರಿಯೇ ಬೆಂಗಳೂರಿಗೆ ಕಳಿಸಿದೆವು. ಯಜಮಾನರು ಉಳಿದರು, ಕಿಡ್ನಿ ಉಳಿಯಲಿಲ್ಲ. ಈಗ ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಬರುತ್ತಾರೆ.

ಎಷ್ಟು ದಿನ ಇಂಜೆಕ್ಷನ್ ಅಂತ ಎಲ್ಲರಿಗೂ ಒಂದೇ ಮಾತು ಹೇಳಲು ಬರುವುದಿಲ್ಲ. ದಾನಿಯ ರಕ್ತದಲ್ಲೇ ಬ್ಯಾಕ್ಟೀರಿಯಾ ಸಿಕ್ಕಿದ್ದರೆ 7ರಿಂದ 14 ದಿನ ಸಾಮಾನ್ಯ, ಹಟಮಾರಿ ಜಾತಿಯಾದರೆ ಜಾಸ್ತಿಯೂ ಆಗಬಹುದು. ಕೆಮ್ಮು ಅಂತ ಮೆಡಿಕಲ್ ಶಾಪಿನಲ್ಲಿ ಸುಮ್ನೆ ಕ್ಲಾರಿಥ್ರೊಮೈಸಿನ್ ಅನ್ನುವ ಆ್ಯಂಟಿಬಯೋಟಿಕ್ ತಗೊಂಡು ನುಂಗಬೇಡಿ, ರಕ್ತದಲ್ಲಿ ಟ್ಯಾಕ್ರೋಲಿಮಸ್ ವಿಪರೀತ ಏರಿ ಕಿಡ್ನಿಗೇ ಪೆಟ್ಟು ಬೀಳುತ್ತದೆ. ದಿನಾ ಬಸ್ ಹತ್ತಿ ಶಿವಮೊಗ್ಗಕ್ಕೆ ಬರುವುದು ಕಷ್ಟ, ಗೊತ್ತು. ಎಷ್ಟೋ ಸಲ ನಿಮ್ಮ ತಾಲ್ಲೂಕು ಆಸ್ಪತ್ರೆಯಲ್ಲೇ ಹಾಕಿಸಬಹುದು. ಚೀಟಿ ಬರೆದು ಕೊಡುತ್ತೇವೆ, ಕೇಳಿ.