ಮೊನೆಯ ಹಿಮ ಯಾಕೆ ನೀಲಿ?

1879ರ ಡಿಸೆಂಬರ್‌ನಲ್ಲಿ ಪ್ಯಾರಿಸ್ ಸುತ್ತಮುತ್ತ ಚಳಿ ಮೈನಸ್ 20 ಡಿಗ್ರಿ ಸೆಲ್ಸಿಯಸ್ ದಾಟಿತ್ತು. ಸೀನ್ ನದಿ ಹೆಪ್ಪುಗಟ್ಟಿತು. ಆಗ ಚಿತ್ರಕಾರ ಕ್ಲೋದ್ ಮೊನೆ ನದಿ ದಡದ ವೆತೊಯ್ ಎಂಬ ಊರಲ್ಲಿದ್ದ. ಹೆಂಡತಿ ತೀರಿಕೊಂಡು ಕೆಲವೇ ತಿಂಗಳಾಗಿತ್ತು, ಕೈಯಲ್ಲಿ ಕಾಸೂ ಇರಲಿಲ್ಲ. ಜನವರಿ ಮೊದಲ ವಾರ ಚಳಿ ಸಡಿಲವಾಯಿತು. ನದಿ ಉಬ್ಬಿ, ಮೇಲಿನ ಮಂಜುಗಡ್ಡೆ ಬಿರಿದು ತುಂಡು ತುಂಡಾಗಿ ತೇಲಿಬಂತು. ಮೊನೆ ಅದನ್ನು ಮತ್ತೆ ಮತ್ತೆ ಚಿತ್ರಿಸಿದ.

ಆ ಚಿತ್ರಗಳನ್ನು ಹತ್ತಿರದಿಂದ ನೋಡಿ. ಅಪ್ಪಟ ಬಿಳಿ ಕಡಿಮೆ. ನೀಲಿ, ನೇರಳೆ, ಒಂಚೂರು ಗುಲಾಬಿಯೇ ಜಾಸ್ತಿ. ಇದು ಸುಮ್ನೆ ಕಲ್ಪನೆಯಾ? ಅಲ್ಲ.

ಹಿಮದ ಹರಳಿಗೆ ಸ್ವಂತ ಬಿಳಿ ಬಣ್ಣವಿಲ್ಲ. ಕಲ್ಲುಸಕ್ಕರೆ ಪಾರದರ್ಶಕ, ಪುಡಿ ಮಾಡಿದರೆ ಬೆಳ್ಳಗೆ ಕಾಣುತ್ತದೆ, ಅಲ್ವಾ? ಹಿಮದ್ದೂ ಅದೇ ಕಥೆ. ಲೆಕ್ಕವಿಲ್ಲದಷ್ಟು ಪುಟ್ಟ ಹರಳುಗಳ ನಡುವೆ ಬೆಳಕು ಚದುರಿ ಹೊರಬರುತ್ತದೆ. ಹೊಸ ಹಿಮ ತನ್ನ ಮೇಲೆ ಬಿದ್ದ ಬೆಳಕಿನ ಶೇ. 80ಕ್ಕೂ ಹೆಚ್ಚನ್ನು, ಯಾವ ಬಣ್ಣಕ್ಕೂ ಹೆಚ್ಚು ಭೇದ ಮಾಡದೆ, ವಾಪಸ್ ಕಳಿಸುತ್ತದೆ. ಅಂದರೆ ಬೆಳಕು ಯಾವ ಬಣ್ಣದ್ದೋ ಹಿಮವೂ ಅದೇ ಬಣ್ಣದ್ದು. ತಿಳಿ ಆಕಾಶದ ದಿನ ನೆರಳಿಗೆ ಸೂರ್ಯನ ನೇರ ಬೆಳಕು ಸಿಗುವುದಿಲ್ಲ, ಆಕಾಶದ ಬೆಳಕು ಮಾತ್ರ ಸಿಗುತ್ತದೆ. ಗಾಳಿಯ ಅಣುಗಳು ನೀಲಿಯನ್ನು ಕೆಂಪಿಗಿಂತ ಹೆಚ್ಚು ಚದುರಿಸುವುದರಿಂದ ಆ ಬೆಳಕು ನೀಲಿ. ಹೀಗಾಗಿ ನೆರಳೂ ನೀಲಿ. ಸೂರ್ಯ ಕೆಳಗಿಳಿದಾಗ ಬಿಸಿಲು ಬಿದ್ದ ಕಡೆ ಗುಲಾಬಿ.

ಹಾಗಾದರೆ ನಮಗೆ ಯಾಕೆ ಕಾಣುವುದಿಲ್ಲ? ಮಿದುಳು ಮಧ್ಯೆ ಕೈಹಾಕುತ್ತದೆ. ಬೆಳಕು ಬದಲಾದರೂ ವಸ್ತುವಿನ ಬಣ್ಣ ಒಂದೇ ಎಂದು ತೋರಿಸುವುದು ಅದರ ಚಾಳಿ. ‘ಹಿಮ ತಾನೆ? ಬಿಳಿ’ ಎಂದು ತಿದ್ದಿಬಿಡುತ್ತದೆ. ಮನಾಲಿಯ ನೆರಳಿನಲ್ಲಿ ತೆಗೆದ ಫೋಟೊ ನೀಲಿಯಾಗಿ ಬಂದಿದ್ದರೆ, ಕ್ಯಾಮೆರಾ ಆ ತಿದ್ದುಪಡಿ ಸರಿಯಾಗಿ ಮಾಡಿಲ್ಲ ಅಂತ ಅರ್ಥ. ಮೊನೆ ಮಾಡಿದ್ದು ಬೇಕಂತಲೇ ಆ ತಿದ್ದುಪಡಿಯನ್ನು ಬಿಟ್ಟಿದ್ದು. ನನ್ನ ಮಟ್ಟಿಗೆ ಅವನ ದೊಡ್ಡ ಸಾಧನೆ ಕುಂಚದ ಚಳಕಕ್ಕಿಂತ ಇದೇ.

ರಸಾಯನಶಾಸ್ತ್ರದ ಸಹಾಯವೂ ಇತ್ತು. ಕೋಬಾಲ್ಟ್ ನೀಲಿ, ಕಾರ್ಖಾನೆಯಲ್ಲಿ ತಯಾರಾದ ಅಲ್ಟ್ರಾಮರೀನ್ ಎಂಬ ಗಾಢ ನೀಲಿ ಆ ಶತಮಾನದ ಕೊಡುಗೆಗಳು. 1841ರಲ್ಲಿ ಬಂದ ತವರದ ಟ್ಯೂಬಿನಿಂದಾಗಿ ಬಣ್ಣವನ್ನು ನದಿ ದಡಕ್ಕೇ ಒಯ್ಯಬಹುದಿತ್ತು.

1880ರಲ್ಲಿ ಮೊನೆ ಪ್ಯಾರಿಸ್‌ನ ಸರ್ಕಾರಿ ಪ್ರದರ್ಶನ ಸಲೋನ್‌ಗೆ ಎರಡು ಚಿತ್ರ ಕಳಿಸಿದ. ತೀರ್ಪುಗಾರರು ಲಾವಕೂರ್ ಊರಿನ ನದಿ ದೃಶ್ಯವನ್ನು ಒಪ್ಪಿ, ಮಂಜುಗಡ್ಡೆಯದನ್ನು ತಿರಸ್ಕರಿಸಿದರು.