ಸಸಿ ಹಚ್ಚೋದು, ಬೆಂಕಿ ಹಚ್ಚೋದು

1998ರ ನವೆಂಬರ್ ಕೊನೆ. ರಾಯಚೂರು ಜಿಲ್ಲೆಯ ಹೊಲವೊಂದರಲ್ಲಿ ಹತ್ತಿ ಗಿಡಗಳನ್ನು ಕಿತ್ತು, ರಾಶಿ ಹಾಕಿ ಸುಟ್ಟರು. ಕೆಲವೇ ದಿನಗಳಲ್ಲಿ ಬಳ್ಳಾರಿ ಜಿಲ್ಲೆಯಲ್ಲೂ ಅದೇ ಆಯಿತು. ಸುಟ್ಟದ್ದು ಅಮೆರಿಕದ ಬೀಜ ಕಂಪನಿ ಮೊನ್ಸಾಂಟೊದ ಪ್ರಯೋಗಕ್ಕೆ ಬೆಳೆದಿದ್ದ ಬಿಟಿ ಹತ್ತಿ, ಅಂದರೆ ಹುಳು ತಡೆಯಲೆಂದು ಬೇರೆ ಜೀವಿಯ ಜೀನ್ ಸೇರಿಸಿದ ಹತ್ತಿ. ಸುಟ್ಟವರು ರೈತ ಸಂಘದವರು. ಸಂಘದ ನಾಯಕ ಪ್ರೊ. ಎಂ.ಡಿ. ನಂಜುಂಡಸ್ವಾಮಿ ‘ಹೀಗೆ ಮಾಡ್ತೀವಿ’ ಅಂತ ಮೊದಲೇ ಸಾರಿಬಿಟ್ಟಿದ್ದರು.

ರೈತ ಸಂಘ ಹುಟ್ಟಿದ 1980ರಲ್ಲೇ ಅಮೆರಿಕದಲ್ಲಿ ‘ಅರ್ತ್ ಫಸ್ಟ್’ ಎಂಬ ಪರಿಸರ ಹೋರಾಟದ ಗುಂಪು ಹುಟ್ಟಿತು. ಮರುವರ್ಷ ಅದರವರು ಗ್ಲೆನ್ ಕ್ಯಾನಿಯನ್ ಅಣೆಕಟ್ಟಿನ ಮೇಲಿಂದ ಉದ್ದನೆಯ ಕಪ್ಪು ಪ್ಲಾಸ್ಟಿಕ್ ಇಳಿಬಿಟ್ಟರು. ದೂರದಿಂದ ನೋಡಿದರೆ ಡ್ಯಾಮೇ ಬಿರುಕು ಬಿಟ್ಟಂತೆ! ಆಮೇಲಿನದು ತಮಾಷೆಯಲ್ಲ. ಕಡಿಯೋರು ಹೆದರಲಿ ಅಂತ ಕಾಡಿನ ಮರಗಳಿಗೆ ಮೊಳೆ ಹೊಡೆಯುವುದು ಶುರುವಾಯಿತು. 1987ರಲ್ಲಿ ಕ್ಯಾಲಿಫೋರ್ನಿಯಾದ ಸಾಮಿಲ್ಲೊಂದರಲ್ಲಿ ಬ್ಲೇಡು ಅಂಥ ಮೊಳೆಗೆ ಬಡಿದು, ಮುರಿದು, ಕೆಲಸಗಾರನ ಮುಖ ಸೀಳಿತು. ಹೊಡೆದವರು ಯಾರೋ, ಪತ್ತೆಯಾಗಲೇ ಇಲ್ಲ.

ಅದೇ 1987ರಲ್ಲಿ ಹಾವೇರಿ ಕಡೆಯ ಕುಸನೂರಿನಲ್ಲಿ ‘ಕಿತ್ತಿಕೊ-ಹಚ್ಚಿಕೊ’ ಸತ್ಯಾಗ್ರಹ ನಡೆಯಿತು. ಊರ ಜಮೀನಿನಲ್ಲಿ ನೆಟ್ಟಿದ್ದ ನೀಲಗಿರಿ ಕಿತ್ತರು, ತಮಗೆ ಬೇಕಾದ ಸಸಿ ಹಚ್ಚಿದರು. ನಮ್ಮ ಮಾತಿನಲ್ಲಿ ಸಸಿಯನ್ನೂ ಹಚ್ಚುತ್ತೇವೆ, ಬೆಂಕಿಯನ್ನೂ ಹಚ್ಚುತ್ತೇವೆ. ಕುಸನೂರಿನಲ್ಲೂ ರಾಯಚೂರಿನಲ್ಲೂ ತಮ್ಮ ಹೆಸರು ಹೇಳಿಕೊಂಡೇ ಮಾಡಿದ ಕೆಲಸ. ಕತ್ತಲಲ್ಲಿ ಮೊಳೆ ಹೊಡೆದು ಓಡಿದವರ ಜೊತೆ ಇವರನ್ನು ಒಂದೇ ಸಾಲಲ್ಲಿ ನಿಲ್ಲಿಸೋಕೆ ನನಗೆ ಮನಸ್ಸಿಲ್ಲ.

ಹಾಗಂತ ರಾಯಚೂರಿನಲ್ಲಿ ಸುಟ್ಟವರ ವಿಜ್ಞಾನ ಸರಿಯಿತ್ತಾ? ಅರ್ಧ ಮಾತ್ರ. ಆಗ ‘ಟರ್ಮಿನೇಟರ್’ ಬೀಜದ ಭಯ ಜಾಸ್ತಿ ಇತ್ತು. ಬೆಳೆದ ಬೀಜ ಮತ್ತೆ ಮೊಳೆಯೋದೇ ಇಲ್ಲ ಎನ್ನುವ ತಂತ್ರ ಅದು. ಅದಕ್ಕೆ 1998ರಲ್ಲೇ ಪೇಟೆಂಟ್ ಸಿಕ್ಕಿತ್ತು, ಆದರೆ ಸುಟ್ಟ ಗಿಡದಲ್ಲಿ ಅದು ಇರಲಿಲ್ಲ. ಇದ್ದದ್ದು ಮಣ್ಣಿನ ಬ್ಯಾಕ್ಟೀರಿಯಾ ಒಂದರಿಂದ ತಂದ ಜೀನ್. ಅದು ಗಿಡದೊಳಗೇ ಒಂದು ಪ್ರೋಟೀನ್ ತಯಾರಿಸುತ್ತದೆ. ಕಾಯಿಕೊರಕ ಹುಳು ತಿಂದರೆ ಆ ಪ್ರೋಟೀನ್ ಅದರ ಕರುಳಿನ ಗೋಡೆಗೆ ಅಂಟಿಕೊಂಡು ತೂತು ಮಾಡುತ್ತದೆ. ಹುಳು ಸಾಯುತ್ತದೆ. ನಮ್ಮ ಕರುಳಿನಲ್ಲಿ ಅದು ಅಂಟಿಕೊಳ್ಳೋ ಜಾಗವೇ ಇಲ್ಲ.

ಬೀಜ ಯಾರ ಕೈಯಲ್ಲಿರಬೇಕು ಅನ್ನೋದು ಇನ್ನರ್ಧ. ಆ ಪ್ರಶ್ನೆ ಬೆಂಕಿಯಲ್ಲಿ ಸುಡಲಿಲ್ಲ. 2002ರಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ನೋಡ್ತಾ ನೋಡ್ತಾ ಎರೆ ಹೊಲಗಳೆಲ್ಲ ಅದೇ ಆಯಿತು, ಪ್ರತಿ ವರ್ಷ ಅಂಗಡಿಯಿಂದ ಹೊಸ ಪ್ಯಾಕೆಟ್.

ಬಿಟಿಯನ್ನು ಕೊನೆಗೆ ಮಣಿಸಿದ್ದು ಚಳವಳಿಯಲ್ಲ, ಗುಲಾಬಿ ಕಾಯಿಕೊರಕ. ಇದಕ್ಕೆ ಹತ್ತಿ ಬಿಟ್ಟರೆ ಬೇರೆ ಊಟ ಕಡಿಮೆ. ಸುತ್ತಲೂ ಬಿಟಿಯೇ ಇದ್ದಾಗ ವಿಷ ತಾಳಿಕೊಂಡ ಹುಳುಗಳಷ್ಟೇ ಬದುಕಿ, ತಮ್ಮಂಥವನ್ನೇ ಹುಟ್ಟಿಸಿದವು. ಇದನ್ನು ತಡೆಯೋಕೇ 450 ಗ್ರಾಂ ಬಿಟಿ ಬೀಜದ ಜೊತೆ 120 ಗ್ರಾಂ ಸಾದಾ ಬೀಜದ ಪುಟ್ಟ ಪ್ಯಾಕೆಟ್ ಇಡುತ್ತಿದ್ದರು. ಹೊಲದ ಅಂಚಿಗೆ ಅದನ್ನು ಬಿತ್ತಿದರೆ ಅಲ್ಲಿ ಸಾದಾ ಹುಳು ಉಳಿಯುತ್ತದೆ, ಗಟ್ಟಿ ಹುಳುವಿನ ಜೊತೆ ಕೂಡುತ್ತದೆ, ಸಂತತಿಯ ಗಟ್ಟಿತನ ಕಡಿಮೆಯಾಗುತ್ತದೆ. ಆದರೆ ಹುಳು ಮೇಯಲಿ ಅಂತ ಸಾಲು ಬಿಟ್ಟುಕೊಡುವ ರೈತ ಎಲ್ಲಿದ್ದಾನೆ? ಪ್ಯಾಕೆಟ್ ಬದುವಿಗೆ ಬಿತ್ತು.

ಈಗ ಹತ್ತಿ ಬಿಡಿಸುವ ಹೆಂಗಸರಿಗೆ ಅರ್ಧವಷ್ಟೇ ಬಿಚ್ಚಿದ ಕಾಯಿ ಸಿಗುತ್ತದೆ. ಉಗುರಿನಿಂದ ಸೀಳಿದರೆ ಒಳಗೆ ಕಂದಿದ ಹತ್ತಿ, ಒಂದಕ್ಕೊಂದು ಅಂಟಿದ ಎರಡು ಬೀಜ, ಅದರೊಳಗೆ ತಿಳಿಗುಲಾಬಿ ಬಣ್ಣದ ಹುಳು. ಕೊಡವಿ, ಮುಂದಿನ ಗಿಡಕ್ಕೆ ಕೈ ಹಾಕುತ್ತಾರೆ.